ಕ್ಯೂಎಮುವಿನಲ್ಲಿ (ಒಂದು ಕಂಪ್ಯೂಟರಿನೊಳಗೆ ವಿಎಂ ಎಂಬ ತೋರಿಕೆಯ ಕಂಪ್ಯೂಟರ್‌ಗಳನ್ನು ಓಡಿಸುವ ಪ್ರೋಗ್ರಾಂ) ಮೆಮೊರಿ ಲೀಕ್ ಅಂದರೆ ನಮ್ಮ ಡೇಟಾ ಸೋರಿತೇ? ಪ್ಯಾಚ್ ಹಾಕಿದ ಮೇಲೂ ವಿಎಂ ಆಫ್ ಮಾಡಬೇಕೇ?

ಠಾಣೆ ನಗರದ ನಿಮ್ಮ ಆಫೀಸಿನ ಡೇಟಾ ಇದರಿಂದ ಹೊರಗೆ ಹೋಗಿಲ್ಲ, ಧೈರ್ಯವಾಗಿರಿ. ವಿಎಂಗಳನ್ನು ಮಾತ್ರ ಒಮ್ಮೆ ಆಫ್ ಮಾಡಿ ಆನ್ ಮಾಡಲೇಬೇಕು, ಇಲ್ಲವೇ ಪ್ಯಾಚ್ ಆದ ಇನ್ನೊಂದು ಯಂತ್ರಕ್ಕೆ ಸಾಗಿಸಬೇಕು.

ಮೆಮೊರಿ ಲೀಕ್ ಅಂದರೆ ಕೇಳಿ ಪಡೆದ ಮೆಮೊರಿಯನ್ನು ಪ್ರೋಗ್ರಾಂ ವಾಪಸ್ ಕೊಡದೆ ಇರುವುದು. ಸಿವಿಇ-2016-7466 ನೋಡಿ (ಸಿವಿಇ ಅಂದರೆ ಬಹಿರಂಗವಾದ ಭದ್ರತಾ ದೋಷಕ್ಕೆ ಕೊಡುವ ಗುರುತು ಸಂಖ್ಯೆ): ಗೆಸ್ಟ್‌ನಲ್ಲಿ, ಅಂದರೆ ವಿಎಂ ಒಳಗೆ, ಅಡ್ಮಿನ್ ಅಧಿಕಾರ ಇದ್ದವನು ಯುಎಸ್‌ಬಿ ಸಾಧನವನ್ನು ಮತ್ತೆ ಮತ್ತೆ ಕಳಚುತ್ತ ಹೋದರೆ ಪ್ರತಿ ಸಲವೂ ಹೋಸ್ಟ್‌ನ (ವಿಎಂಗಳನ್ನು ಹೊತ್ತ ಅಸಲಿ ಯಂತ್ರದ) ಒಂದಿಷ್ಟು ಮೆಮೊರಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಎಸಿ97 ಸೌಂಡ್ ಕಾರ್ಡಿನ ಎಮ್ಯುಲೇಷನ್‌ನಲ್ಲೂ (ತಂತ್ರಾಂಶದ ಅನುಕರಣೆ) ಇದೇ ಜಾತಿಯ ದೋಷವಿತ್ತು, ಸಿವಿಇ-2017-5525. ಚಾಳಿನಲ್ಲಿ (ವಠಾರದಲ್ಲಿ) ಒಬ್ಬರು ನಲ್ಲಿ ಬಿಟ್ಟು ಊರಿಗೆ ಹೋದರೆ ಎಲ್ಲರ ಟ್ಯಾಂಕೂ ಖಾಲಿ ಆಗುತ್ತದಲ್ಲ, ಹಾಗೆ. ಡೇಟಾ ಸೋರುವ ದೋಷಗಳೇ ಬೇರೆ. 2018ರ ಎಲ್1ಟಿಎಫ್ ಅಂಥದ್ದು. ಅದರಲ್ಲಿ ಇಂಟೆಲ್ ಪ್ರೊಸೆಸರಿನ ಕ್ಯಾಶೆ ಎಂಬ ಒಳ ಮೆಮೊರಿಯಿಂದ ಒಂದು ಗೆಸ್ಟ್ ಇನ್ನೊಂದರ ಮಾಹಿತಿ ಓದಬಹುದಿತ್ತು.

ಹಾಗಂತ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಧಾರವಾಡದವನು, ಪುಣೆಯ ಹಿಂಜವಡಿಯಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ಹಿಂದೆ ಇದ್ದ ಕಂಪನಿಯಲ್ಲಿ 64 ಜಿಬಿಯ ಒಂದು ಹೋಸ್ಟ್ ಇತ್ತು. ಸೋರುತ್ತಿದ್ದದ್ದು ಟೆಸ್ಟಿಂಗ್ ತಂಡದ 4 ಜಿಬಿಯ ಸಣ್ಣ ವಿಎಂ. ಅವರ ಸ್ಕ್ರಿಪ್ಟ್ ಹಗಲು ರಾತ್ರಿ ಸಾಧನಗಳನ್ನು ಜೋಡಿಸಿ ಕಳಚುತ್ತಿತ್ತು. ಸತ್ತದ್ದು ಲೆಕ್ಕಪತ್ರ ವಿಭಾಗದ 32 ಜಿಬಿ ವಿಎಂ. ಮೆಮೊರಿ ಮುಗಿದಾಗ ಲಿನಕ್ಸ್‌ನ ಓಓಎಂ ಕಿಲ್ಲರ್ ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಹಿಡಿದ ಪ್ರಕ್ರಿಯೆಯನ್ನೇ (ಓಡುತ್ತಿರುವ ಪ್ರೋಗ್ರಾಂ; ಹೋಸ್ಟ್‌ಗೆ ಪ್ರತಿ ವಿಎಂ ಒಂದು ಪ್ರಕ್ರಿಯೆ) ಹೊಡೆದು ಹಾಕುತ್ತದೆ, ತಪ್ಪು ಯಾರದೆಂದು ಕೇಳುವುದಿಲ್ಲ. ಮರುದಿನ ಇಡೀ ಕಂಪನಿಯ ಸಂಬಳ ಹೋಗಬೇಕಿತ್ತು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ ಲೆಕ್ಕಪತ್ರ ವಿಭಾಗದ ಹಿರಿಯರ ದನಿ ಇನ್ನೂ ಕಿವಿಯಲ್ಲಿದೆ. ನಾವೋ, ಎರಡು ದಿನ ಏನೂ ತಪ್ಪಿಲ್ಲದ ಡೇಟಾಬೇಸನ್ನೇ ಜಾಲಾಡಿದೆವು.

ಆದ್ದರಿಂದ ಸತ್ತ ವಿಎಂನ ಲಾಗ್‌ಗೆ ಜೋತುಬೀಳಬೇಡಿ. ಹೋಸ್ಟ್‌ನಲ್ಲಿ ಪ್ರತಿ ಕ್ಯೂಎಮು ಪ್ರಕ್ರಿಯೆಯ ಆರ್‌ಎಸ್‌ಎಸ್ ಅನ್ನು (ಅದು ಈಗ ನಿಜವಾಗಿ ಹಿಡಿದಿರುವ ಮೆಮೊರಿ) ಆ ವಿಎಂಗೆ ಕೊಟ್ಟ ಮೆಮೊರಿಯ ಜೊತೆ ತಾಳೆ ಹಾಕಿ. ತುಸು ಹೆಚ್ಚಿರುವುದು ಸಹಜ. ದಿನದಿನಕ್ಕೂ ಏರುತ್ತಲೇ ಇದ್ದರೆ ಅಲ್ಲೇ ಹುಡುಕಿ.

ಇನ್ನು ಪ್ಯಾಚ್. ಅಪ್‌ಡೇಟ್ ಆಗುವುದು ಡಿಸ್ಕಿನಲ್ಲಿರುವ ಫೈಲ್. ಓಡುತ್ತಿರುವ ವಿಎಂ ಹಳೆಯ ಪ್ರಕ್ರಿಯೆಯಲ್ಲೇ ಇರುತ್ತದೆ. ಗೆಸ್ಟ್ ಒಳಗಿಂದ ರೀಬೂಟ್ ಕೊಟ್ಟರೂ ಸಾಮಾನ್ಯವಾಗಿ ಅದೇ ಪ್ರಕ್ರಿಯೆ ಮುಂದುವರಿಯುತ್ತದೆ, ಬಹಳ ಜನ ಎಡವುವುದು ಇಲ್ಲೇ. ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ, ಇಲ್ಲವೇ ಪ್ಯಾಚ್ ಆದ ಇನ್ನೊಂದು ಹೋಸ್ಟ್‌ಗೆ ಲೈವ್ ಮೈಗ್ರೇಟ್ ಮಾಡಿ, ಅಂದರೆ ಓಡುತ್ತಿರುವಂತೆಯೇ ಸಾಗಿಸಿ. ಹೊರಗಿನವರಿಗೆ ವಿಎಂ ಬಾಡಿಗೆಗೆ ಕೊಟ್ಟಿದ್ದರೆ ಇವತ್ತು ರಾತ್ರಿಯೇ ಮುಗಿಸಿ. ಎಲ್ಲವೂ ನಿಮ್ಮವರ ಕೈಯಲ್ಲೇ ಇದ್ದರೆ ಭಾನುವಾರದವರೆಗೆ ತಡೆಯಬಹುದು.