ಸಿಂಧನೂರಿನ ತಂದೆ-ತಾಯಿಗೆ ಗ್ರೀನ್ ಕಾರ್ಡ್: ಅರ್ಜಿ ಒಂದಲ್ಲ, ಎರಡು

ಅಮೆರಿಕದ ಪೌರತ್ವ ಸಿಕ್ಕಿದೆ, ಸಿಂಧನೂರಿನಲ್ಲಿರುವ ತಂದೆ-ತಾಯಿಯನ್ನು ಒಂದೇ ಅರ್ಜಿಯಲ್ಲಿ ಕರೆಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಆಗೋದಿಲ್ಲ ಸರ್. ತಂದೆಗೊಂದು, ತಾಯಿಗೊಂದು ಐ-130 (ಬಂಧುಗಳನ್ನು ಕರೆಸಿಕೊಳ್ಳಲು ಅಮೆರಿಕ ಸರ್ಕಾರಕ್ಕೆ ಹಾಕುವ ಅರ್ಜಿ) ಹಾಕಬೇಕು, ಶುಲ್ಕವೂ ಬೇರೆ ಬೇರೆ. ನಿಮಗೆ 21 ತುಂಬಿರಬೇಕು. ಪೌರರ ತಂದೆ-ತಾಯಿಗೆ ಕೊಡುವ ವೀಸಾಗಳ ಸಂಖ್ಯೆಗೆ ವಾರ್ಷಿಕ ಮಿತಿ ಇಲ್ಲ, ಹಾಗಾಗಿ ಅಣ್ಣತಮ್ಮಂದಿರ ಅರ್ಜಿಯಂತೆ ವರ್ಷಗಟ್ಟಲೆ ಸರದಿ ಕಾಯುವುದಿಲ್ಲ.

ಜನ ಎಡವುವುದು ದಾಖಲೆಯಲ್ಲಿ. ತಾಯಿಯ ಅರ್ಜಿಗೆ ಅವರ ಹೆಸರಿರುವ ನಿಮ್ಮ ಜನನ ಪ್ರಮಾಣಪತ್ರ ಬೇಕು. ತಂದೆಯ ಅರ್ಜಿಗೆ ಅದರ ಜೊತೆ ಅವರಿಬ್ಬರ ಮದುವೆಯ ದಾಖಲೆಯೂ ಬೇಕು. ನಮ್ಮ ರಾಯಚೂರು ಕಡೆ ಹಳೆಯ ಮದುವೆಗಳು ನೋಂದಣಿಯಾಗಿರುವುದೇ ಕಡಿಮೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಈಗಲೂ ಮಾಡಿಸಬಹುದು, ಮೊದಲು ಅದನ್ನೇ ಹಿಡಿಯಿರಿ.

ಅವರಿಬ್ಬರ ಜನನ ದಾಖಲೆ ಕೇಳುವುದು ಮುಂದಿನ ವೀಸಾ ಹಂತದಲ್ಲಿ. ಅದು ಇಲ್ಲದಿದ್ದರೆ ಜನನ ನೋಂದಣಾಧಿಕಾರಿಯಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ಪಡೆದು, ಶಾಲೆಯ ಟಿಸಿ, ಹಿರಿಯ ಬಂಧುಗಳ ಅಫಿಡವಿಟ್ ಸೇರಿಸಿ. ಬರೀ ಅಫಿಡವಿಟ್ ನಂಬಿ ಕೂರಬೇಡಿ. ಟಿಸಿಯಲ್ಲಿ ಅಡ್ಡಹೆಸರು (ಮನೆತನದ ಹೆಸರು), ಪಾಸ್‌ಪೋರ್ಟಿನಲ್ಲಿ ಬರೀ ಇನಿಷಿಯಲ್ ಇದ್ದರೆ ಎರಡೂ ಹೆಸರು ಒಬ್ಬರದೇ ಎಂದು ಸಾಬೀತು ಮಾಡುವ ಕೆಲಸ ನಿಮ್ಮ ತಲೆಗೆ ಬರುತ್ತದೆ, ಈಗಲೇ ಸರಿಪಡಿಸಿ. ಕನ್ನಡ ದಾಖಲೆಗೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಅದರ ಮೇಲೆ ಅನುವಾದಕರ ಸಹಿ ಮಾಡಿದ ದೃಢೀಕರಣವೂ ಇರಬೇಕು. ವೀಸಾಗೆ ಬೇಕಾದ ವೈದ್ಯಕೀಯ ತಪಾಸಣೆ ಅಮೆರಿಕದ ರಾಯಭಾರ ಕಚೇರಿ ಮಾನ್ಯ ಮಾಡಿದ ವೈದ್ಯರಲ್ಲೇ ಆಗಬೇಕು, ಊರಿನ ಆಸ್ಪತ್ರೆಯ ವರದಿ ನಡೆಯದು.