ಕನ್ನಡ ಮಾಧ್ಯಮದಲ್ಲಿ ಓದಿದವರು ಆಫೀಸಿನ ಮೇಲ್ ಚೆನ್ನಾಗಿ ಬರೆಯುವುದನ್ನು ಹೇಗೆ ಕಲಿಯಬೇಕು?

ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೀರಿ, ಗಿರಾಕಿಗಳಿಗೆ ಬಾಕಿ ಕೇಳಿ ಇಂಗ್ಲಿಷಿನಲ್ಲಿ ಮೇಲ್ ಬರೆಯಬೇಕು, ಬರೆದದ್ದು ಅರ್ಥವಾಗುವುದಿಲ್ಲವೆಂದು ಮಾಲೀಕರು ಬೈಯುತ್ತಾರೆ, ಗ್ರಾಮರ್ ಕೋರ್ಸಿಗೆ ಸೇರಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ, ದುಡ್ಡು ಉಳಿಸಿಕೊಳ್ಳಿ. ನಾನು ಬಹಳ ಕಾಲ ಒಂದು ಕಂಪನಿಯ ಖರೀದಿ ವಿಭಾಗದಲ್ಲಿದ್ದವನು, ಅಂದರೆ ನೀವು ಬರೆಯುವಂಥ ಮೇಲ್‌ಗಳನ್ನು ಓದುವ ಕಡೆ ಕೂತವನು. ಗ್ರಾಮರ್ ತಪ್ಪಿದೆ ಎಂದು ನಾವು ಯಾರ ಬಿಲ್ಲನ್ನೂ ಪಕ್ಕಕ್ಕಿಟ್ಟಿಲ್ಲ. ಯಾವ ಬಿಲ್ಲು ಎಂದೇ ತಿಳಿಯದೆ ಪಕ್ಕಕ್ಕಿಟ್ಟದ್ದು ಮಾತ್ರ ಲೆಕ್ಕವಿಲ್ಲ.

ಆಗ ಬರುತ್ತಿದ್ದ ಮೇಲ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಅಚ್ಚಿನವು. ವಿಷಯದ ಜಾಗದಲ್ಲಿ ‘ಪೇಮೆಂಟ್ ರಿಮೈಂಡರ್’. ಒಳಗೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಹಲವು ಬಾರಿ ವಿನಂತಿಸಿದರೂ ಹಣ ಬಂದಿಲ್ಲ, ನಮಗೆ ತುಂಬ ತೊಂದರೆಯಾಗಿದೆ, ಕೊನೆಯಲ್ಲಿ ‘ಕೈಂಡ್ಲಿ ಡೂ ದ ನೀಡ್‌ಫುಲ್’. ಓದಿದವನು ಏನು ಮಾಡಬೇಕು? ಬಿಲ್ ನಂಬರ್ ಹುಡುಕಬೇಕು, ಮಾಲು ಬಂತೇ ಎಂದು ಸ್ಟೋರ್ಸಿಗೆ ಫೋನ್ ಮಾಡಬೇಕು, ಕೊಡುವ ದಿನ ದಾಟಿದೆಯೇ ಎಂದು ಆರ್ಡರ್ ತೆಗೆದು ನೋಡಬೇಕು. ಅಷ್ಟು ಪುರುಸೊತ್ತು ಯಾರಿಗಿದೆ ಸ್ವಾಮಿ? ನಾಳೆ ನೋಡೋಣ ಎಂದು ಬಿಡುತ್ತಾನೆ.

ಅದನ್ನೇ ಹೀಗೆ ಬರೆಯಬಹುದಿತ್ತು. ವಿಷಯ: ‘ಇನ್‌ವಾಯ್ಸ್ 214, ರೂ. 1,86,000, ಏಪ್ರಿಲ್ 26ಕ್ಕೆ ಗಡುವು ಮುಗಿದಿದೆ’. ಒಳಗೆ: ‘ಈ ಹಣ ಯಾವ ದಿನ ಬರುತ್ತದೆಂದು ಶುಕ್ರವಾರದೊಳಗೆ ತಿಳಿಸಿ. ಮಾಲನ್ನು ನಿಮ್ಮ ಸ್ಟೋರ್ಸ್ ಮಾರ್ಚ್ 12ರಂದು ತೆಗೆದುಕೊಂಡಿದೆ. ಆರ್ಡರಿನಲ್ಲಿರುವ ಗಡುವು 45 ದಿನ. ಬಿಲ್ಲು ಮತ್ತು ಸೀಲು ಹಾಕಿದ ಚಲನ್ ಲಗತ್ತಿಸಿದ್ದೇನೆ. ಬಿಲ್ಲಿನಲ್ಲಿ ಏನಾದರೂ ತಕರಾರಿದ್ದರೆ ಇವತ್ತೇ ಹೇಳಿ.’ ಇದಕ್ಕೆ ಬೇಕಾದ ಇಂಗ್ಲಿಷ್ ಹತ್ತನೇ ಕ್ಲಾಸಿನಷ್ಟೇ. ಬೇಡಿಕೆ ಮೊದಲ ಸಾಲಿನಲ್ಲೇ ಬಂದಿರುವುದನ್ನು ಗಮನಿಸಿ. ನಾವು ಎದುರು ಕೂತು ಮಾತಾಡುವಾಗ ಊಟ ಆಯ್ತಾ, ಮಳೆ ಹೇಗಿದೆ ಎಂದೆಲ್ಲ ಕೇಳಿ ಆಮೇಲೆ ದುಡ್ಡಿನ ಮಾತು ತೆಗೆಯುವವರು. ಆ ಸಂಕೋಚ ಮೇಲಿನಲ್ಲೂ ನುಸುಳುತ್ತದೆ. ಮರ್ಯಾದೆಗೆ ಒಂದು ‘ಸರ್’, ಒಂದು ‘ದಯವಿಟ್ಟು’ ಸಾಕು.

ಇಂಗ್ಲಿಷಿನಲ್ಲಿ ಶುರು ಮಾಡುವ ಮೊದಲು ಮೂರು ವಿಷಯ ಕನ್ನಡದಲ್ಲೇ ಗೀಚಿಕೊಳ್ಳಿ: ಯಾರು, ಏನು, ಯಾವತ್ತಿನೊಳಗೆ ಮಾಡಬೇಕು. ಅದು ಕನ್ನಡದಲ್ಲೂ ಹೊಳೆಯದಿದ್ದರೆ ತೊಡಕು ಭಾಷೆಯದ್ದಲ್ಲ. ಏನು ಕೇಳಬೇಕೆಂದು ನೀವೇ ಇನ್ನೂ ತೀರ್ಮಾನಿಸಿಲ್ಲ.

ಇನ್ನು ಕಾನೂನು. ನಿಮ್ಮದು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಇರುವ ಸಣ್ಣ ಉತ್ಪಾದನಾ ಘಟಕವಾಗಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದರೆ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, ನಿಮ್ಮ ಬೆನ್ನಿಗಿದೆ. ಬರಹದ ಒಪ್ಪಂದವಿದ್ದರೂ ಮಾಲು ಒಪ್ಪಿಕೊಂಡ ಮೇಲೆ 45 ದಿನ ಮೀರಿ ಹಣ ತಡೆಯುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಘೋಷಿಸುವ ‘ಬ್ಯಾಂಕ್ ದರ’ ಎಂಬ ಬಡ್ಡಿದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಇದನ್ನು ಮೊದಲ ಮೇಲಿನಲ್ಲೇ ಝಳಪಿಸಬೇಡಿ. ಮೊದಲನೆಯದರಲ್ಲಿ ದಿನಾಂಕ ಕೇಳಿ. ಎರಡನೆಯದಕ್ಕೆ ಅವರ ಮೇಲಧಿಕಾರಿಯನ್ನೂ ಸೇರಿಸಿ. ಅದಕ್ಕೂ ಉತ್ತರ ಬರದಿದ್ದರೆ ಮೂರನೆಯದರಲ್ಲಿ ಕಾಯ್ದೆಯ ಹೆಸರು, ಉದ್ಯಮ್ ನಂಬರ್, ಬಡ್ಡಿಯ ಲೆಕ್ಕ ಹಾಕಿ. ‘ಕಠಿಣ ಕ್ರಮ ಕೈಗೊಳ್ಳಬೇಕಾಗುತ್ತದೆ’ ಎಂಬ ಖಾಲಿ ಬೆದರಿಕೆಗೆ ಖರೀದಿ ವಿಭಾಗದಲ್ಲಿ ಯಾರೂ ಹೆದರುವುದಿಲ್ಲ. ಲೆಕ್ಕ ಕಂಡರೆ ಮಾತ್ರ ಫೈಲು ಫೈನಾನ್ಸಿಗೆ ಹೋಗುತ್ತದೆ.

ಹೊರದೇಶದ ಗಿರಾಕಿ ಇದ್ದರೆ ದಿನಾಂಕದಲ್ಲಿ ತಿಂಗಳ ಹೆಸರು ಬರೆಯಿರಿ. 05/06 ಎಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ಲಕ್ಷ, ಕೋಟಿಯೂ ಅವರಿಗೆ ತಿಳಿಯದು.

ಅಭ್ಯಾಸಕ್ಕೆ ಪುಸ್ತಕ ಬೇಡ, ನಿಮ್ಮ ಇನ್‌ಬಾಕ್ಸೇ ಸಾಕು. ನಿಮ್ಮ ಮೇಲಿಗೆ ‘ಯಾವ ಬಿಲ್ಲು?’, ‘ಎಷ್ಟು ಪೀಸ್?’ ಎಂದು ಮರುಪ್ರಶ್ನೆ ಬಂದಿದೆಯಾ, ಆ ಉತ್ತರ ಮೊದಲ ಮೇಲಿನಲ್ಲೇ ಇರಬೇಕಿತ್ತು. ಅಂಥ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಿ. ಸ್ವಲ್ಪ ದಿನದಲ್ಲೇ ಅವೇ ನಾಲ್ಕೈದು ಪ್ರಶ್ನೆ ತಿರುಗಿ ತಿರುಗಿ ಬರುವುದು ಕಾಣುತ್ತದೆ. ಕಳಿಸುವ ಮುಂಚೆ ಆ ಹಾಳೆ ನೋಡಿ.

ಚಾಟ್‌ಜಿಪಿಟಿ ಬಳಸಬಹುದಾ ಎಂದೂ ಕೇಳಿದ್ದೀರಿ. ಕಾಗುಣಿತ, ಗ್ರಾಮರ್ ತಿದ್ದಿಸಿಕೊಳ್ಳಲು ಧಾರಾಳವಾಗಿ ಬಳಸಿ. ಇಡೀ ಮೇಲನ್ನೇ ಬರೆಸಿದರೆ ಮಾತ್ರ ಮೂರು ಸಾಲಿನ ವಿಷಯಕ್ಕೆ ಮದುವೆ ಕರೆಯೋಲೆಯ ಅಲಂಕಾರ ಬಂದು ಕೂರುತ್ತದೆ. ಚಲನ್‌ಗೆ ಸೀಲು ಯಾವತ್ತು ಬಿತ್ತು ಎಂಬುದಂತೂ ಅದಕ್ಕೆ ಗೊತ್ತಿಲ್ಲ.

ಒಂದು ಮಾತು ಬಿಟ್ಟುಹೋಗುತ್ತಿತ್ತು. ಫೋನಿನಲ್ಲಿ ‘ಸೋಮವಾರ ಹಾಕ್ತೀವಿ ಬಿಡಿ’ ಎಂದರೆ, ಫೋನ್ ಇಟ್ಟ ಕೂಡಲೇ ‘ಈಗ ಮಾತಾಡಿದಂತೆ ಇನ್‌ವಾಯ್ಸ್ 214ರ ಹಣ ಸೋಮವಾರ ಬರುತ್ತದೆ, ಧನ್ಯವಾದ’ ಎಂದು ಒಂದು ಸಾಲು ಮೇಲ್ ಹಾಕಿ. ಹಾಗೆ ಹೇಳಿದ ಮನುಷ್ಯ ಮುಂದಿನ ತಿಂಗಳು ಆ ಸೀಟಿನಲ್ಲಿ ಇರದೆಯೂ ಇರಬಹುದು.