ಕಾಲು ರೆಡಿ ಇದೆ, ಉಸಿರಿನ ಕಥೆ ಏನು?

ಪ್ರಶ್ನೆ: ನನಗೆ 51 ವರ್ಷ. ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ರೈಟರ್. ದಿನಾ ತೋಟ ಸುತ್ತುತ್ತೇನೆ. ಜೇನುಕಲ್ಲು ಗುಡ್ಡ, ಎತ್ತಿನಭುಜ ಎಲ್ಲ ಹತ್ತಿದ್ದೇನೆ. ಬಿಪಿ ಮಾತ್ರೆ ಒಂದಿದೆ. ಗೈಡ್ ಇರುವ ತಂಡದಲ್ಲಿ ನೇಪಾಳದ ಎವರೆಸ್ಟ್ ಬೇಸ್ ಕ್ಯಾಂಪ್‌ಗೆ, ಅಂದರೆ ಶಿಖರದ ಬುಡದ ಬಿಡಾರದ ತನಕ ನಡೆದು ಹೋಗುವ ಆಸೆ. ಒಬ್ಬರು 14 ದಿನ ಅನ್ನುತ್ತಾರೆ, ಇನ್ನೊಬ್ಬರು 11 ದಿನಕ್ಕೆ ಕಡಿಮೆ ದುಡ್ಡು ಕೇಳುತ್ತಾರೆ. ‘ಮಲೆನಾಡಿನವರಿಗೆ ಬೆಟ್ಟ ಹೊಸದಾ? 11 ದಿನ ಧಾರಾಳ ಆಯ್ತು’ ಅಂತಾನೆ ಭಾವಮೈದ. ಯಾವುದಕ್ಕೆ ದುಡ್ಡು ಕಟ್ಟಲಿ? ತಯಾರಿ ಹೇಗೆ?

ಉತ್ತರ: 14 ದಿನದ್ದಕ್ಕೇ ಕಟ್ಟಿ. ನಿಮ್ಮ ಕಾಲಿನ ಬಗ್ಗೆ ಭಾವಮೈದ ಹೇಳಿದ್ದು ಸರಿ. ಶ್ವಾಸಕೋಶದ ಬಗ್ಗೆ ಅವರಿಗೆ ಗೊತ್ತಿಲ್ಲ.

ನಮ್ಮ ಮುಳ್ಳಯ್ಯನಗಿರಿ ಕರ್ನಾಟಕಕ್ಕೇ ದೊಡ್ಡದು, 1,930 ಮೀಟರ್. ನೀವು ನಡಿಗೆ ಶುರು ಮಾಡುವ ಲುಕ್ಲಾ ಊರೇ 2,860 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ಅತಿ ಎತ್ತರದ ಜಾಗಕ್ಕಿಂತ 900 ಮೀಟರ್ ಮೇಲೆ ವಿಮಾನ ಇಳಿಸಿ, ‘ಈಗ ನಡೀರಿ’ ಅನ್ನುತ್ತಾರೆ. ಬೇಸ್ ಕ್ಯಾಂಪ್ 5,364 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಸಮುದ್ರ ಮಟ್ಟದಲ್ಲಿ ಸಿಗುವುದರ ಅರ್ಧದಷ್ಟು. ಈ ಕೊರತೆಗೆ ಮೈ ಹೊಂದಿಕೊಳ್ಳುತ್ತದೆ, ಆದರೆ ಅದರದೇ ಲೆಕ್ಕದಲ್ಲಿ. ತೋಟ ಸುತ್ತಿದವನಿಗೆ, ಓಟದಲ್ಲಿ ಕಪ್ ಗೆದ್ದವನಿಗೆ ಅಂತ ರಿಯಾಯ್ತಿ ಕೊಡಲ್ಲ. ಗಟ್ಟಿ ಆಳುಗಳೂ ಹುಷಾರು ತಪ್ಪಿ ಮಲಗುತ್ತಾರೆ. ಕಾಲಲ್ಲಿ ಶಕ್ತಿ ಇದೆಯಲ್ಲ, ಓಡಿಬಿಡುತ್ತಾರೆ.

3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಊರಲ್ಲಿ ಎರಡು ರಾತ್ರಿ ಉಳಿಯಬೇಕು. ಈಗ ಎರಡೂ ಕಂಪನಿಯ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. 3,440 ಮೀಟರಿನ ನಾಮ್ಚೆ ಬಜಾರ್, 4,410ರ ದಿಂಗ್‌ಬೋಚೆ, ಎರಡೂ ಕಡೆ ಎರಡೆರಡು ರಾತ್ರಿ ಇದೆಯಾ? 11 ದಿನದವರು ಕತ್ತರಿ ಹಾಕಿದ್ದು ಅಲ್ಲೇ ಆದರೆ, ಆ ಅಗ್ಗದ ಪ್ಯಾಕೇಜ್ ನಿಮಗೆ ಬೇಡ. ಬಿಡುವಿನ ದಿನ ಅಂದರೆ ರಜಾಯಿ ಹೊದ್ದು ಮಲಗುವುದಲ್ಲ. ಹಗಲು ಇನ್ನೂ ಸ್ವಲ್ಪ ಮೇಲೆ ಹತ್ತಿ, ರಾತ್ರಿ ಕೆಳಗೆ ಬಂದು ಮಲಗುವುದು.

ಕಂಪನಿಯವರಿಗೆ ಒಂದು ಪ್ರಶ್ನೆ ಕೇಳಿ: ‘ದಾರಿಯಲ್ಲಿ ಒಬ್ಬರಿಗೆ ಹುಷಾರು ತಪ್ಪಿದರೆ ಅವರನ್ನು ಕೆಳಗೆ ಕರೆದುಕೊಂಡು ಹೋಗಲು ಎರಡನೇ ಗೈಡ್ ಇದ್ದಾರಾ?’ ಉತ್ತರ ತಡವರಿಸಿದರೆ ಫೋನ್ ಇಟ್ಟುಬಿಡಿ. ತಲೆನೋವು, ವಾಕರಿಕೆ ಶುರುವಾದರೆ ಅದೇ ದಿನ ಗೈಡ್‌ಗೆ ಹೇಳಿ, ಅದು ಪೂರ್ತಿ ಕಡಿಮೆಯಾಗುವ ತನಕ ಮೇಲೆ ಹೋಗಬೇಡಿ. ನಡಿಗೆ ತೂರಾಡಿದರೆ, ಮಾತು ತಪ್ಪಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ, ತಕ್ಷಣ ಕೆಳಗೆ. ನಮ್ಮ ಗಂಡಸರಿಗೆ ‘ನನಗೇನೂ ಆಗಿಲ್ಲ’ ಅನ್ನುವ ಕಾಯಿಲೆ ಬೇರೆ ಇದೆ. ಅದಕ್ಕೆ ಮದ್ದಿಲ್ಲ.

ಬಿಪಿ ಇದೆ ಅಂದಿರಿ. ಮಾತ್ರೆಯ ಚೀಟಿ ಹಿಡಿದು ಡಾಕ್ಟರ್ ಹತ್ತಿರ ಹೋಗಿ, ಎಷ್ಟು ಎತ್ತರಕ್ಕೆ ಹೋಗುತ್ತೀರಿ ಅಂತ ಅಂಕಿ ಹೇಳಿ. ಎತ್ತರದ ಕಾಯಿಲೆ ಬಾರದಿರಲಿ ಅಂತ ನುಂಗುವ ಡೈಮಾಕ್ಸ್ ಮಾತ್ರೆಯ ಬಗ್ಗೆಯೂ ಅಲ್ಲೇ ಕೇಳಿ. ಸಲ್ಫಾ ಔಷಧಿ ಆಗದಿದ್ದರೆ ಮೊದಲೇ ತಿಳಿಸಿ. ಅದನ್ನು ನುಂಗಿದರೆ ಬೆರಳು ಜುಮ್ ಅನ್ನುತ್ತದೆ, ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಸೋಡಾ ಸಪ್ಪೆ ಅನಿಸುತ್ತದೆ. ಗಾಬರಿ ಬೇಡ.

ತಯಾರಿಗೆ ನಿಮಗೆ ಊರು ಬಿಟ್ಟು ಹೋಗುವ ಅಗತ್ಯ ಇಲ್ಲ. ಬೆನ್ನಿಗೆ ಆರೇಳು ಕೆಜಿ ಹಾಕಿಕೊಂಡು ಏರು ಹತ್ತಿ, ವಾರ ವಾರ ಸಮಯ ಜಾಸ್ತಿ ಮಾಡಿ. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಇರಲಿ. ಒಂದು ಭಾನುವಾರ ಶ್ರವಣಬೆಳಗೊಳಕ್ಕೆ ಹೋಗಿ, ವಿಂಧ್ಯಗಿರಿಯ ಆರುನೂರಕ್ಕೂ ಜಾಸ್ತಿ ಮೆಟ್ಟಿಲನ್ನು ಎರಡು ಮೂರು ಸಲ ಹತ್ತಿ ಇಳಿಯಿರಿ. ಇಳಿಯುವುದನ್ನು ಲೆಕ್ಕಕ್ಕೆ ತಗೊಳ್ಳಿ, ಮಂಡಿ ಹೋಗುವುದು ಅಲ್ಲೇ. ಮುಳ್ಳಯ್ಯನಗಿರಿಗೆ ಬಂದರೆ ಸರ್ಪದಾರಿ ಅನ್ನುವ ಕಾಲುದಾರಿಯಿಂದ ಹತ್ತಿ. ಕಾರಲ್ಲಿ ಮೇಲೆ ತನಕ ಬಂದು ಕೊನೆಯ ಮೆಟ್ಟಿಲು ಹತ್ತಿ ಫೋಟೊ ಹಾಕುವವರು ಬೇರೆ.

ಸಮಯ? ಮಾರ್ಚ್‌ನಿಂದ ಮೇ, ಇಲ್ಲ ಅಕ್ಟೋಬರ್-ನವೆಂಬರ್. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರು, ಧಣಿಗಳು ರಜೆ ಕೊಡಲ್ಲ. ರೊಬಸ್ಟಾ ಮುಗಿದು, ಹೂಮಳೆ ಬಿದ್ದ ಮೇಲೆ ಏಪ್ರಿಲ್‌ನಲ್ಲಿ ಹೊರಡಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಐಡಿ ಆಗುತ್ತದೆ, ನೇಪಾಳಕ್ಕೆ ನಮಗೆ ವೀಸಾ ಬೇಡ. ಲುಕ್ಲಾ ವಿಮಾನ ಮೋಡ ಕವಿದರೆ ಹಾರಲ್ಲ, ಕೊನೆಗೆ ಎರಡು ದಿನ ಖಾಲಿ ಇಟ್ಟುಕೊಳ್ಳಿ. ಇನ್ಶೂರೆನ್ಸ್ ಮಾಡಿಸುವಾಗ ಎಷ್ಟು ಮೀಟರ್ ಎತ್ತರದ ತನಕ, ಹೆಲಿಕಾಪ್ಟರ್ ಖರ್ಚು ಸೇರಿದೆಯಾ ಅಂತ ಓದಿ ಸಹಿ ಹಾಕಿ.

ಪ್ರಶ್ನೆ: ಹಾಸನದಲ್ಲಿ ಡಿಗ್ರಿ ಓದುತ್ತಿದ್ದೇನೆ. ಡಿಸೆಂಬರಿನಲ್ಲಿ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಚಾರಣ ಹೋಗಬೇಕು. ಶೂ, ಜಾಕೆಟ್ ಎಲ್ಲ ಬಾಡಿಗೆಗೆ ಸಿಗುತ್ತಂತೆ. ಸುಮ್ನೆ ಯಾಕೆ ಕೊಳ್ಳಬೇಕು, ಅಲ್ವಾ?

ಉತ್ತರ: ದಪ್ಪ ಜಾಕೆಟ್, ಕೋಲು ಬಾಡಿಗೆಗೆ ತಗೋ ಮಗಳೇ. ಶೂ ಮಾತ್ರ ನಿನ್ನದೇ ಇರಲಿ. ಇನ್ನೊಬ್ಬರ ಕಾಲಿಗೆ ಪಳಗಿದ ಶೂ ಹಿಮದಲ್ಲಿ ನಿನ್ನ ಹಿಮ್ಮಡಿ ಸುಲಿಯುತ್ತದೆ. ಅಂಗಡಿಗೆ ಸಂಜೆ ಹೋಗು, ಆ ಹೊತ್ತಿಗೆ ಪಾದ ಕೊಂಚ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿಕೊಂಡೇ ಶೂ ಹಾಕಿ ನೋಡು. ಲೇಸ್ ಕಟ್ಟುವ ಮೊದಲು ಪಾದ ಮುಂದಕ್ಕೆ ತಳ್ಳಿದರೆ ಹಿಮ್ಮಡಿ ಹಿಂದೆ ಒಂದು ಬೆರಳು ಹೋಗಬೇಕು. ಆಮೇಲೆ ಲೇಸ್ ಬಿಗಿದು ಇಳಿಜಾರಿನಲ್ಲಿ ನಿಲ್ಲು. ಹೆಬ್ಬೆರಳು ಮುಂದೆ ತಾಗಿದರೆ ಅದು ನಿನ್ನ ಸೈಜ್ ಅಲ್ಲ, ಅಂಗಡಿಯವನು ಏನೇ ಹೇಳಲಿ. ಕೊಂಡ ಮೇಲೆ ಪೆಟ್ಟಿಗೆಯಲ್ಲಿ ಇಡಬೇಡ, ಕಾಲೇಜಿಗೆ ಹಾಕಿಕೊಂಡು ಹೋಗು. ಗೆಳತಿಯರು ನಗಲಿ. ಹೊರಡುವ ಮುನ್ನ ಉಗುರು ಕತ್ತರಿಸಿಕೋ.